ಮೂರು ಪಂಪು, ಸೊನ್ನೆ ಉಪ್ಪು: ಬೆಂಗಾವಲಿಲ್ಲದ ಗುಂಪು ಸೈಕಲ್ ಪಯಣಕ್ಕೆ ಸಿದ್ಧರಾಗುವ ಬಗೆ

ಶಿವಮೊಗ್ಗದಿಂದ ಆಗುಂಬೆಯ ಮೇಲೆ ಮಂಗಳೂರಿಗೆ ಸೈಕಲ್ಲಿನಲ್ಲಿ ಹೋಗುವುದೆಂದು ಆರು ಮಂದಿ ನಿಶ್ಚಯಿಸಿದ ಮೇಲೆ, ಹೊರಡುವುದಕ್ಕೆ ಮೂರು ವಾರ ಮೊದಲು, ರಾಮನಗರದ ಕಡೆಯ ಪರಿಚಿತರೊಬ್ಬರ ಮಾವಿನ ತೋಪಿನಲ್ಲಿ ಒಂದು ರಾತ್ರಿಯ ತಾಲೀಮು ನಡೆಸಿದೆವು. ಕತ್ತಲಾಗುವ ಹೊತ್ತಿಗೆ ಎಲ್ಲರ ಚೀಲಗಳನ್ನೂ ಒಂದು ಟಾರ್ಪಾಲಿನ ಮೇಲೆ ಸುರಿದಾಗ ಮೂರು ಗಾಳಿ ಪಂಪುಗಳು, ನಾಲ್ಕು ಚಾಕುಗಳು, ಎರಡು ಸಾಂಬಾರು ಪುಡಿಯ ಪೊಟ್ಟಣಗಳು ಹೊರಬಿದ್ದವು. ಉಪ್ಪು ಮಾತ್ರ ಯಾರ ಬಳಿಯೂ ಇರಲಿಲ್ಲ, ಏಕೆಂದರೆ ಉಪ್ಪಿನಂಥ ಸಣ್ಣ ಪದಾರ್ಥವನ್ನು ಬೇರೆ ಯಾರಾದರೂ ತಂದೇ ತಂದಿರುತ್ತಾರೆ ಎಂದು ಆರೂ ಜನ ನಂಬಿದ್ದರು. ಒಬ್ಬನೇ ಹೊರಟವನು ಮರೆತರೆ ತನ್ನದನ್ನು ಮರೆಯುತ್ತಾನೆ, ಗುಂಪಾದರೋ ಎರಡು ವಿರುದ್ಧ ತಪ್ಪುಗಳನ್ನು ಒಟ್ಟಿಗೇ ಮಾಡಬಲ್ಲದು: ಒಂದು ಸಾಕಾಗುವಲ್ಲಿ ಮೂರನ್ನು ಹೊರುವುದು, ಮತ್ತು ಬೇಕೇಬೇಕಾದ ಒಂದನ್ನು ಯಾರೂ ಹೊರದಿರುವುದು. ಗುಂಪು ಪಯಣದ ಸಿದ್ಧತೆಯೆಂದರೆ ಬಹುಪಾಲು ಈ ಲೆಕ್ಕವೇ.

ಬೆಂಗಾವಲಿಲ್ಲದ ಪಯಣವೆಂದರೆ ಹಿಂದೆ ಜೀಪು ಬರುವುದಿಲ್ಲ, ಊಟದ ಏರ್ಪಾಟನ್ನಾಗಲಿ ರಾತ್ರಿ ಮಲಗುವ ಏರ್ಪಾಟನ್ನಾಗಲಿ ಬೇರೆಯವರು ಮಾಡಿರುವುದಿಲ್ಲ. ಟೆಂಟು, ಹಾಸಿಗೆ, ಪಾತ್ರೆ, ಉಪಕರಣ, ಔಷಧ ಎಲ್ಲವೂ ಸೈಕಲ್ಲಿನ ಮೇಲೆಯೇ ಸಾಗಬೇಕು. ಈ ಲೇಖನ ಉದಾಹರಣೆಯಾಗಿ ಹಿಡಿದಿರುವ ದಾರಿ ಹೀಗಿದೆ: ಮೊದಲ ದಿನ ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳ ಮೂಲಕ ತುಂಗೆಯ ದಿಕ್ಕು ಹಿಡಿದು ತೀರ್ಥಹಳ್ಳಿ, ಸುಮಾರು 60 ಕಿ.ಮೀ.; ಎರಡನೆಯ ದಿನ ಆಗುಂಬೆಯನ್ನು ದಾಟಿ ಘಾಟಿಯಿಳಿದು ಸೋಮೇಶ್ವರದ ಮೇಲೆ ಹೆಬ್ರಿ, ಹೆಚ್ಚುಕಡಿಮೆ ಅಷ್ಟೇ ದೂರ; ಮೂರನೆಯ ದಿನ ಉಡುಪಿಯನ್ನು ಹಾಯ್ದು ಕಡಲ ಬದಿಯ ಕಾಪು; ನಾಲ್ಕನೆಯ ದಿನ ಮಂಗಳೂರು. ಇದಕ್ಕಿಂತ ಬಿರುಸಿನ ದಾರಿಗಳು ಬೇಕಾದಷ್ಟಿವೆ. ಆದರೆ ಮಲೆನಾಡಿನ ಏರಿಳಿತ, ಒಂದು ದೊಡ್ಡ ಘಾಟಿ, ಕರಾವಳಿಯ ಸೆಕೆ ಮತ್ತು ಮರಳು ನಾಲ್ಕೇ ದಿನಗಳಲ್ಲಿ ಎದುರಾಗುವುದರಿಂದ ಸಿದ್ಧತೆಯ ಎಲ್ಲ ಪ್ರಶ್ನೆಗಳನ್ನೂ ಈ ಒಂದು ದಾರಿಯೇ ಎತ್ತುತ್ತದೆ.

ದಾರಿಯ ಆಯ್ಕೆಗೆ ಇನ್ನೊಂದು ಕಾರಣವೂ ಇತ್ತು. ಸೈಕಲ್ಲನ್ನು ರೈಲಿನ ಬ್ರೇಕ್ ವ್ಯಾನಿನಲ್ಲಿ, ಎಂದರೆ ಲಗೇಜು ಸಾಗಿಸುವ ಡಬ್ಬಿಯಲ್ಲಿ, ಸಾಗಿಸುವುದಾದರೆ, ಎರಡೇ ನಿಮಿಷ ನಿಲ್ಲುವ ನಡುವಿನ ನಿಲ್ದಾಣದಲ್ಲಿ ಆರು ಸೈಕಲ್ಲುಗಳನ್ನು ಇಳಿಸಿಕೊಳ್ಳುವುದು ಆಗದ ಮಾತು. ಆದ್ದರಿಂದ ರೈಲು ಕೊನೆಗೊಳ್ಳುವ ಊರಿನಲ್ಲಿ ಆರಂಭಿಸಿ, ರೈಲು ಹೊರಡುವ ಊರಿನಲ್ಲಿ ಮುಗಿಸುವುದು ಜಾಣತನ. ಶಿವಮೊಗ್ಗ ಟೌನ್ ಮತ್ತು ಮಂಗಳೂರು ಸೆಂಟ್ರಲ್ ಈ ಎರಡು ಅಗತ್ಯಗಳನ್ನೂ ಪೂರೈಸುತ್ತವೆ. ಆದರೆ ರೈಲಿನ ಸಹಾಯ ಪಡೆದ ಕೂಡಲೇ ಒಲೆಯ ಪ್ರಶ್ನೆ ಜಟಿಲವಾಗುತ್ತದೆ. ಚಾರಣಿಗರು ಬಳಸುವ ಸಣ್ಣ ಗ್ಯಾಸ್ ಡಬ್ಬಿಯಾಗಲಿ, ಸೀಮೆಎಣ್ಣೆಯಾಗಲಿ, ಸ್ಪಿರಿಟ್ಟಾಗಲಿ ರೈಲಿನಲ್ಲಿ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 164ನೆಯ ಕಲಮಿನಂತೆ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಹೀಗಾಗಿ ಇಂಧನದ ಯೋಜನೆ ಅಡುಗೆಯ ಪಟ್ಟಿಗಿಂತ ಮೊದಲೇ ಆಗಬೇಕು. ನಾವು ಕಂಡುಕೊಂಡದ್ದು ಸರಳ ಉಪಾಯ: ಅಂಗಳ ಕೊಟ್ಟ ಮನೆಯವರ ಅನುಮತಿ ಪಡೆದು, ಬರಿ ನೆಲದ ಮೇಲೆ, ಮಡಚಿಡಬಹುದಾದ ತಗಡಿನ ಒಲೆಯಲ್ಲಿ ಚಿಕ್ಕ ಪುಳ್ಳೆಗಳನ್ನೂ ಕರಾವಳಿಗೆ ಇಳಿದ ಮೇಲೆ ತೆಂಗಿನ ಗರಟೆಯನ್ನೂ ಉರಿಸುವುದು. ಒಣ ಗರಟೆ ಒಳ್ಳೆಯ ಶಾಖ ಕೊಡುತ್ತದೆ, ಬೇಡಿದರೆ ಯಾರೂ ಇಲ್ಲವೆನ್ನುವುದಿಲ್ಲ. ಕಾಡಿನ ಅಂಚಿನಲ್ಲಿ ಮಾತ್ರ ಯಾವ ಬೆಂಕಿಯೂ ಕೂಡದು. ಅಂಥ ರಾತ್ರಿಗೆಂದು ಬೆಂಕಿಯೇ ಬೇಡದ ಒಂದು ಹೊತ್ತಿನ ಆಹಾರ ಚೀಲದಲ್ಲಿರಬೇಕು.

ಇನ್ನು ದಿನಕ್ಕೆಷ್ಟು ದೂರವೆಂಬ ಪ್ರಶ್ನೆ. ಹೊರೆ ಹೊತ್ತ ಸೈಕಲ್ಲು ಮಲೆನಾಡಿನ ರಸ್ತೆಯಲ್ಲಿ ಗಂಟೆಗೆ 14 ಕಿ.ಮೀ. ಸಾಗುತ್ತದೆ ಎಂದಿಟ್ಟುಕೊಂಡರೆ 60 ಕಿ.ಮೀ.ಗೆ ನಾಲ್ಕೂಕಾಲು ಗಂಟೆ ಸಾಕೆನ್ನಿಸುತ್ತದೆ. ಒಬ್ಬನಿಗಾದರೆ ಸಾಕು. ಆರು ಜನರಲ್ಲಿ ಪ್ರತಿಯೊಬ್ಬರೂ ದಿನಕ್ಕೆ ನಾಲ್ಕು ಸಲ ಐದೈದು ನಿಮಿಷ ನಿಂತರೆ, ಒಬ್ಬರಿಗಾಗಿ ಉಳಿದವರೆಲ್ಲ ನಿಲ್ಲಬೇಕಾಗುವುದರಿಂದ ಎರಡು ಗಂಟೆ ಅಲ್ಲಿಯೇ ಹೋಯಿತು; ಅದರ ಮೇಲೆ ತಿಂಡಿ, ಊಟ, ಒಂದು ಪಂಕ್ಚರ್, ಮಂಡಗದ್ದೆಯಲ್ಲಿ ನದಿಯ ನಡುವಣ ಮರಗಳನ್ನು ನೋಡುತ್ತ ನಿಂತದ್ದು. ಡಿಸೆಂಬರಿನಲ್ಲಿ ಈ ಭಾಗದಲ್ಲಿ ಬೆಳಗಾಗುವುದು ಆರೂಮುಕ್ಕಾಲರ ಹೊತ್ತಿಗೆ, ಸೂರ್ಯ ಮುಳುಗುವುದು ಆರು ಗಂಟೆಯ ಸುಮಾರಿಗೆ. ಮಲಗುವ ಜಾಗ ಕೇಳಲು, ಟೆಂಟು ಹೂಡಲು, ಸ್ನಾನಕ್ಕೆ, ಅಡುಗೆಗೆ ಬೆಳಕು ಬೇಕಾದ್ದರಿಂದ ನಾಲ್ಕೂವರೆಗೆ ಊರು ಸೇರಿರಬೇಕು. ಹೀಗೆ ಲೆಕ್ಕ ಹಾಕಿದರೆ 60ರಿಂದ 70 ಕಿ.ಮೀ. ಗುಂಪಿಗೆ ಪೂರ್ತಿ ಒಂದು ದಿನದ ಕೆಲಸವೇ. ಒಬ್ಬೊಬ್ಬರೂ ತಮಗೆ ತೋಚಿದಲ್ಲಿ ನಿಲ್ಲದೆ, ಗಂಟೆಗೊಮ್ಮೆ ಎಲ್ಲರೂ ಒಟ್ಟಿಗೆ ಹತ್ತು ನಿಮಿಷ ನಿಲ್ಲುವುದೆಂಬ ಒಪ್ಪಂದವನ್ನು ಮನೆಯಲ್ಲಿಯೇ ಮಾಡಿಕೊಂಡರೆ ಹೊತ್ತೂ ಉಳಿಯುತ್ತದೆ, ಮನಸ್ತಾಪವೂ ತಪ್ಪುತ್ತದೆ.

ತೂಕದ ಬಗ್ಗೆ ಹೊಸಬರಲ್ಲಿ ಎರಡು ಭ್ರಮೆಗಳಿವೆ. ಹಗುರವಾದಷ್ಟೂ ವೇಗವೆಂಬುದು ಒಂದು; ಸರಿಸಮನಾಗಿ ಹಂಚಿದರೆ ನ್ಯಾಯವೆಂಬುದು ಇನ್ನೊಂದು. ದಿನದ ಏರುಗಳನ್ನೆಲ್ಲ ಕೂಡಿಸಿದರೆ 500 ಮೀಟರ್ ಆಯಿತೆಂದುಕೊಳ್ಳೋಣ. ಸವಾರ, ಸೈಕಲ್ಲು, ಸಾಮಾನು ಸೇರಿ 100 ಕಿಲೊ ಆದರೆ ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 490 ಕಿಲೊಜೂಲ್. 100 ವ್ಯಾಟ್ ಸಾಮರ್ಥ್ಯದಲ್ಲಿ ತುಳಿಯುವವನಿಗೆ ಗಾಳಿ, ಘರ್ಷಣೆಗಳನ್ನು ಬಿಟ್ಟರೆ 82 ನಿಮಿಷ. ದುಬಾರಿ ಹಣ ತೆತ್ತು ಎರಡು ಕಿಲೊ ಇಳಿಸಿದರೆ ಉಳಿಯುವುದು ಒಂದೂವರೆ ನಿಮಿಷ ಮಾತ್ರ. ಆದರೆ ಅದೇ ತೂಕವನ್ನು ಯಾರು ಹೊರುತ್ತಾರೆ ಎಂಬುದು ಗುಂಪಿನಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. 55 ಕಿಲೊ ತೂಗುವ, 80 ವ್ಯಾಟ್‌ನಲ್ಲಿ ತುಳಿಯುವ ಒಬ್ಬರು ಮತ್ತು 70 ಕಿಲೊ ತೂಗುವ, 130 ವ್ಯಾಟ್‌ನ ಇನ್ನೊಬ್ಬರು, ಇಬ್ಬರ ಸೈಕಲ್ಲೂ 14 ಕಿಲೊ, ಸಾಮಾನೂ 14 ಕಿಲೊ ಎಂದಿಟ್ಟುಕೊಂಡರೆ ಮೊದಲನೆಯವರಿಗೆ 85 ನಿಮಿಷ, ಎರಡನೆಯವರಿಗೆ 62 ನಿಮಿಷ ಹಿಡಿಯುತ್ತದೆ. ಬಲಶಾಲಿ 23 ನಿಮಿಷ ಬೆವರು ಆರಿಸಿಕೊಳ್ಳುತ್ತ ಕಾಯಬೇಕು. ಎಂಟು ಕಿಲೊ ಸಾಮಾನನ್ನು ಅವರ ಚೀಲಕ್ಕೆ ವರ್ಗಾಯಿಸಿದರೆ ಈ ಅಂಕಿಗಳು 77 ಮತ್ತು 67 ಆಗುತ್ತವೆ. ಕಾಯುವ ಹೊತ್ತು ಹತ್ತು ನಿಮಿಷಕ್ಕೆ ಇಳಿಯಿತು, ಇಡೀ ಗುಂಪು ಎಂಟು ನಿಮಿಷ ಮುಂಚೆ ಮೇಲೆ ತಲುಪಿತು. ಗುಂಪಿನ ವೇಗ ಅತಿ ನಿಧಾನದವರ ವೇಗವಾದ್ದರಿಂದ, ಅವರ ಹೊರೆಯನ್ನು ಇಳಿಸುವುದು ಉಪಕಾರವಲ್ಲ, ಎಲ್ಲರ ಸ್ವಂತ ಲಾಭ. ಇದನ್ನು ಹೊರಡುವ ಮುನ್ನವೇ ಅಂಕಿಗಳಲ್ಲಿ ತೋರಿಸಿಬಿಟ್ಟರೆ, ಹಗುರ ಚೀಲ ಪಡೆದವರಿಗೆ ಮುಜುಗರವೂ ಆಗುವುದಿಲ್ಲ.

ಹಂಚಿಕೆಗೆ ತೂಗುವ ಕೊಕ್ಕೆಯೊಂದು ಸಾಕು. ಪ್ರತಿಯೊಬ್ಬರ ಸ್ವಂತ ಸಾಮಾನನ್ನು (ಬಟ್ಟೆ, ಸ್ಲೀಪಿಂಗ್ ಬ್ಯಾಗ್, ಚಾಪೆ, ತಟ್ಟೆ, ಲೋಟ, ಟಾರ್ಚು) ಏಳು ಕಿಲೊ ಒಳಗೆ ಹಿಡಿದು, ಸಾಮೂಹಿಕ ಸಾಮಾನನ್ನು ಒಂದೊಂದಾಗಿ ತೂಗಿ, ಎದುರಿಗೆ ಹೊರುವವರ ಹೆಸರು ಬರೆಯುತ್ತ ಹೋಗಬೇಕು. ಹೆಸರಿಲ್ಲದ ಸಾಲೊಂದು ಉಳಿದರೆ ಅದು ನಮ್ಮ ಉಪ್ಪಿನ ಕಥೆಯಾಗುತ್ತದೆ. ಇಬ್ಬರು ಮಲಗುವ ಟೆಂಟನ್ನು ಎರಡು ಭಾಗ ಮಾಡಿ, ಕಂಬಿ ಒಬ್ಬರಿಗೆ, ಬಟ್ಟೆ ಇನ್ನೊಬ್ಬರಿಗೆ ಎಂದು ಹಂಚುವ ಪದ್ಧತಿಯುಂಟು, ನನಗದು ಒಪ್ಪಿಗೆಯಿಲ್ಲ. ಒಬ್ಬರು ದಾರಿಯಲ್ಲಿ ಹಿಂದುಳಿದರೆ ಮುಂದಿನವರ ಕೈಯಲ್ಲಿ ಉಳಿಯುವುದು ಮಳೆಗೂ ಇಬ್ಬನಿಗೂ ಆಗದ ಅರ್ಧ ಟೆಂಟು. ಇಡೀ ಟೆಂಟು ಒಬ್ಬರಿಗೆ, ಅಷ್ಟೇ ತೂಕದ ಪಾತ್ರೆ ಮತ್ತು ದಿನಸಿ ಜೊತೆಗಾರರಿಗೆ ಎಂಬುದೇ ವಾಸಿ. ಭಾರದ ವಸ್ತುಗಳನ್ನು ಚೀಲದ ತಳದಲ್ಲಿ, ಎಡಬಲ ಸಮತೂಕವಾಗಿ ಇಟ್ಟುಕೊಳ್ಳಬೇಕು. ಬೆನ್ನಿಗೆ ಚೀಲ ಏರಿಸುವುದನ್ನು ಪೂರ್ತಿ ಬಿಟ್ಟುಬಿಡಬೇಕು.

ಸೈಕಲ್ಲಿನ ಮಟ್ಟಿಗೆ ಹೇಳುವುದಾದರೆ, ಹೊರೆಯ ಪೆಟ್ಟು ಮೊದಲು ಬೀಳುವುದು ಹಿಂಚಕ್ರದ ಕಡ್ಡಿಗಳಿಗೆ. ಅದರಲ್ಲೂ ಚೈನಿನ ಬದಿಯ ಕಡ್ಡಿ ತುಂಡಾಗುವುದು ಹೆಚ್ಚು, ಮತ್ತು ಅದನ್ನು ಬದಲಾಯಿಸಲು ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು ಬಿಚ್ಚಬೇಕಾಗುವುದರಿಂದ ಆ ಬಿಚ್ಚುವ ಉಪಕರಣ ಒಂದಾದರೂ ಗುಂಪಿನಲ್ಲಿರಬೇಕು. ಕಡ್ಡಿಗಳ ಉದ್ದ ಚಕ್ರದಿಂದ ಚಕ್ರಕ್ಕೆ ಬೇರೆಯಾಗಿರುತ್ತದೆ. ತಂತಮ್ಮ ಚಕ್ರಕ್ಕೆ ಹೊಂದುವ ಎರಡೆರಡು ಕಡ್ಡಿಗಳನ್ನು ಕ್ಯಾರಿಯರಿನ ಸರಳಿಗೆ ಟೇಪಿನಿಂದ ಸುತ್ತಿಟ್ಟುಕೊಂಡರೆ ಇದ್ದದ್ದೇ ಗೊತ್ತಾಗುವುದಿಲ್ಲ. ಟ್ಯೂಬಿನ ವಿಷಯದಲ್ಲಿ ಹಳ್ಳಿಯ ಸೈಕಲ್ ಅಂಗಡಿಯನ್ನು ನೆಚ್ಚಿಕೊಳ್ಳುವಂತಿಲ್ಲ: ಅಲ್ಲಿ ಸಿಗುವುದು ಹಳೆಯ ಕರಿ ಸೈಕಲ್ಲಿನ 28 ಇಂಚಿನ ಟ್ಯೂಬು, ನಮ್ಮ ಗುಂಪಿನಲ್ಲಿ ಇದ್ದದ್ದು 700ಸಿ, 26 ಮತ್ತು 29 ಎಂಬ ಮೂರು ಅಳತೆಗಳು. ಆದ್ದರಿಂದ ಒಂದೊಂದು ಅಳತೆಗೂ ಎರಡೆರಡು ಟ್ಯೂಬುಗಳು ಬೇಕಾದವು. ಎಲ್ಲರೂ ಒಂದೇ ಅಳತೆಯ ಚಕ್ರದವರಾಗಿದ್ದರೆ ಮೂರೇ ಸಾಕಾಗುತ್ತಿತ್ತು.

ವಾಲ್ವಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಕಾರು, ಬೈಕುಗಳಲ್ಲಿರುವ ದಪ್ಪ ಬಾಯಿಯ ಶ್ರೇಡರ್ ವಾಲ್ವಿಗೆ ರಸ್ತೆ ಬದಿಯ ಯಾವ ಟೈರ್ ಅಂಗಡಿಯಲ್ಲಾದರೂ ಗಾಳಿ ತುಂಬಿಸಬಹುದು. ತೆಳುವಾದ, ತುದಿಯಲ್ಲಿ ಸಣ್ಣ ತಿರುಪು ಇರುವ ಪ್ರೆಸ್ಟಾ ವಾಲ್ವಿಗೆ ಅಂಗಡಿಯವನ ನಳಿಕೆ ಕೂರುವುದಿಲ್ಲ. ಕಡಲೆಕಾಳಿನ ಗಾತ್ರದ ಹಿತ್ತಾಳೆ ಟೋಪಿಯೊಂದನ್ನು ಪ್ರೆಸ್ಟಾಕ್ಕೆ ತಿರುಗಿಸಿ ಕೂರಿಸಿದರೆ ಅದು ಶ್ರೇಡರ್ ಆಗುತ್ತದೆ. ತಾಲೀಮಿನ ದಿನ ನಮ್ಮಲ್ಲಿ ಮೂರು ಪಂಪುಗಳಿದ್ದರೂ ಮೂರೂ ಶ್ರೇಡರಿನವು, ಪಂಕ್ಚರ್ ಆದದ್ದು ಪ್ರೆಸ್ಟಾ, ಟೋಪಿ ಇರಲಿಲ್ಲ. ಈಗ ಪ್ರೆಸ್ಟಾ ಇರುವ ಪ್ರತಿ ಚಕ್ರದ ವಾಲ್ವಿಗೂ ಒಂದೊಂದು ಟೋಪಿ ಸದಾ ಕೂತಿರುತ್ತದೆ. ಉಳಿದಂತೆ ಅಲೆನ್ ಕೀ ಗೊಂಚಲು, ಟೈರ್ ಲಿವರ್, ಪಂಕ್ಚರ್ ತೇಪೆ, ಚೈನ್ ಕತ್ತರಿಸುವ ಉಪಕರಣ, ಚೈನಿನ ಜೋಡಣೆ ಕೊಂಡಿ, ಗೇರು ಮತ್ತು ಬ್ರೇಕಿನ ತಂತಿ, ಜಿಪ್ ಟೈ, ಎಣ್ಣೆ ಇಷ್ಟನ್ನು ಗುಂಪಿಗೊಂದರಂತೆ ಒಯ್ದರೆ ಸಾಕು.

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಈ ದಾರಿಯಲ್ಲಿ ನಾವು ಅದನ್ನು ಏರುವುದಿಲ್ಲ, ಇಳಿಯುತ್ತೇವೆ. ಇಳಿಯುವುದು ಸುಲಭವೆಂದು ಬ್ರೇಕನ್ನು ಅಲಕ್ಷಿಸಿದರೆ ಅಪಾಯ. ಏರುವಾಗ ಖರ್ಚಾಗುವ ಆ 490 ಕಿಲೊಜೂಲ್ ಅಷ್ಟೇ ಎತ್ತರ ಇಳಿಯುವಾಗ ಎಲ್ಲಿಗೋ ಹೋಗಬೇಕಲ್ಲವೇ? ಸ್ವಲ್ಪ ಗಾಳಿಗೆ ಹೋಗುತ್ತದೆ, ನಿಧಾನವಾಗಿ ಇಳಿದಷ್ಟೂ ಉಳಿದ ಹೆಚ್ಚಿನ ಪಾಲು ಬ್ರೇಕಿಗೆ ಬೀಳುತ್ತದೆ. ಅದೆಷ್ಟು ಶಾಖವೆಂದರೆ, ಅಷ್ಟನ್ನೂ ಒಟ್ಟುಗೂಡಿಸಿದರೆ ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ರಿಮ್ಮನ್ನು ಹಿಡಿಯುವ ಬ್ರೇಕುಗಳಲ್ಲಿ ಈ ಬಿಸಿ ಟ್ಯೂಬನ್ನೇ ಒಡೆಯಬಲ್ಲದು. ಹೊರಡುವ ಮುನ್ನ ಬ್ರೇಕಿನ ಪ್ಯಾಡುಗಳನ್ನು ಹೊಸದಾಗಿ ಹಾಕಿಸಿ, ಇಳಿಜಾರಿನಲ್ಲಿ ಎಡೆಬಿಡದೆ ಒತ್ತಿ ಹಿಡಿಯದೆ, ತಿರುವಿಗೆ ಮುಂಚೆ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು ಆಮೇಲೆ ಬಿಟ್ಟು ತಣಿಯಲು ಅವಕಾಶ ಕೊಡಬೇಕು. ಒಬ್ಬರ ಹಿಂದೊಬ್ಬರು ಧಾರಾಳ ಅಂತರವಿಟ್ಟು ಇಳಿಯಬೇಕು. ನಡುವೆ ಎಲ್ಲಾದರೂ ಅಗಲವಾದ ಜಾಗದಲ್ಲಿ ನಿಂತು ರಿಮ್ಮಿನ ಹತ್ತಿರ ಬೆರಳು ಒಯ್ದು ನೋಡಿ. ಮುಟ್ಟುವ ಮೊದಲೇ ತಿಳಿಯುತ್ತದೆ.

ರಾತ್ರಿ ಎಲ್ಲಿ ಮಲಗುವುದೆಂಬುದು ಮಲೆನಾಡಿನಲ್ಲಿ ನೋಟ ಚೆನ್ನಾಗಿರುವ ಜಾಗದ ಪ್ರಶ್ನೆಯಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೆ ಮಳೆಗಾಲದಲ್ಲಿ ಟೆಂಟು ಹೊತ್ತು ಹೋಗುವಂತಿಲ್ಲವಾದ್ದರಿಂದ ಎಲ್ಲರೂ ಆರಿಸುವುದು ನವೆಂಬರ್ ಕೊನೆಯಿಂದ ಫೆಬ್ರವರಿಯ ಅವಧಿ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಒಣಹವೆಯ ತಿಂಗಳುಗಳೂ ಅವೇ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ವೈರಾಣು ರೋಗ ಉಣುಗು ಅಥವಾ ಉಣ್ಣೆ ಎನ್ನುವ ರಕ್ತ ಹೀರುವ ಸಣ್ಣ ಜೀವಿಯಿಂದ ಮನುಷ್ಯನಿಗೆ ತಗಲುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕುದುರಿ ಬೇರೆ ರಕ್ತವನ್ನು ಅರಸುತ್ತವೆ. ಚಿತ್ರಪಟದಲ್ಲಿ ಬಲು ಚೆಂದ ಕಾಣುವ, ಮರಗಳ ಕೆಳಗೆ ಒಣಗಿದೆಲೆ ಹಾಸಿದ ಜಾಗವೇ ಹೀಗಾಗಿ ಟೆಂಟಿಗೆ ಅತ್ಯಂತ ಕೆಟ್ಟದ್ದು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಕೀಟ ವಿಕರ್ಷಕ, ರಾತ್ರಿ ಮಲಗುವ ಮುಂಚೆ ಮೈಯನ್ನು ಪರೀಕ್ಷಿಸಿಕೊಳ್ಳುವ ಅಭ್ಯಾಸ, ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸುವುದು ಇವಿಷ್ಟು ಅಗತ್ಯ. ಮನೆಗೆ ಮರಳಿದ ಮೇಲೆ ವಾರದೊಳಗೆ ಜೋರು ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಬೆಂಗಳೂರಿನಲ್ಲಿ ಕುಳಿತವರಿಗೆ ಅದು ಹೊಳೆಯದಿರಬಹುದು. ಇನ್ನು ಸೋಮೇಶ್ವರದ ಸುತ್ತ ಇರುವುದು ವನ್ಯಜೀವಿಧಾಮ. ಅಲ್ಲಿ ಅನುಮತಿಯಿಲ್ಲದೆ ತಂಗುವ ಮಾತೇ ಇಲ್ಲ.

ಉಳಿಯುವುದು ಊರೊಳಗಿನ ಜಾಗಗಳು: ಶಾಲೆಯ ಮೈದಾನ, ದೇವಸ್ಥಾನದ ಆವರಣ, ಯಾರದಾದರೂ ಅಂಗಳ. ಅಂಗಳಕ್ಕೆ ಒಂದು ತೊಡಕಿದೆ. ತೀರ್ಥಹಳ್ಳಿಯ ಹತ್ತಿರದ ಮನೆಯೊಂದರ ಮುಂದೆ ನಿಂತು ಕೇಳಿದಾಗ ಆ ಮನೆಯ ಹಿರಿಯರು ಸೈಕಲ್ಲುಗಳನ್ನೂ ನಮ್ಮನ್ನೂ ಒಮ್ಮೆ ನೋಡಿ, "ಅಂಗಳದ ತುಂಬ ಅಡಿಕೆ ಹರವಿದೀವಿ ಮಾರಾಯ್ರೆ, ಕಾಲಿಡಕ್ಕೂ ಜಾಗ ಇಲ್ಲ, ಶಾಲೆ ಹತ್ರ ಕೇಳಿ ನೋಡಿ" ಎಂದರು. ಡಿಸೆಂಬರ್ ಅಡಿಕೆ ಕೊಯ್ಲಿನ ಕಾಲವೆಂಬುದು ನಮ್ಮ ಯೋಜನೆಯಲ್ಲಿಯೇ ಇರಲಿಲ್ಲ. ಶಾಲೆಯಾದರೆ ಮುಖ್ಯೋಪಾಧ್ಯಾಯರಿಗೆ ವಾರ ಮುಂಚೆಯೇ ಫೋನು ಮಾಡಿ, ಎಷ್ಟು ಜನ, ಹೆಂಗಸರೆಷ್ಟು, ಯಾವಾಗ ಬಂದು ಯಾವಾಗ ಹೊರಡುತ್ತೀರಿ, ಶೌಚಾಲಯದ ಬೀಗ ತೆಗೆಸಬಹುದೇ ಎಂಬುದನ್ನೆಲ್ಲ ಮಾತಾಡಿಕೊಳ್ಳುವುದು ಮರ್ಯಾದೆ. ಮಕ್ಕಳು ಬರುವ ಮೊದಲು ಜಾಗ ಗುಡಿಸಿ ತೆರಳಬೇಕು. ಮಲಗುವಾಗ ಟೆಂಟಿನ ಜಿಪ್ಪು ಪೂರ್ತಿ ಎಳೆದು, ಶೂಗಳನ್ನು ಒಳಗೇ ಇಟ್ಟುಕೊಂಡರೆ ಹಾವು ಚೇಳುಗಳ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ.

ಕಾಪುವಿನ ಬಳಿ ಮರಳು. 1901ರ ದೀಪಸ್ತಂಭ ಕಾಣುವಷ್ಟು ದೂರದಲ್ಲಿ, ಅಲ್ಲಿಯವರು ತೋರಿಸಿದ ಜಾಗದಲ್ಲಿ ಟೆಂಟು ಹೂಡಹೊರಟರೆ ಗೂಟಗಳು ಒಂದು ಎಳೆತಕ್ಕೇ ಕಿತ್ತು ಬರುತ್ತವೆ. ದಾರಕ್ಕೆ ಗೂಟದ ಬದಲು ಮರಳು ತುಂಬಿದ ಬಟ್ಟೆಚೀಲವನ್ನು ಕಟ್ಟಿ ಒಂದಡಿ ಆಳಕ್ಕೆ ಹೂಳಿದರೆ ಕಡಲ ಗಾಳಿಗೂ ಜಗ್ಗುವುದಿಲ್ಲ. ಭರತದ (ಉಬ್ಬರದ) ನೀರು ಎಲ್ಲಿಯವರೆಗೆ ಬರುತ್ತದೆಂಬುದನ್ನು ಕಸಕಡ್ಡಿಯ ಗೆರೆ ತೋರಿಸುತ್ತದೆ. ಅದರಿಂದ ಸಾಕಷ್ಟು ಮೇಲಿರಬೇಕು, ದೋಣಿ ಎಳೆಯುವ ದಾರಿಯಲ್ಲಿ ಮಾತ್ರ ಇರಬಾರದು. ಚಳಿಗಾಲದಲ್ಲಿ ಈ ಕರಾವಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದುಂಟಾದ್ದರಿಂದ ನೀರಿನ ಕಡೆಗೆ ಪ್ರಖರ ಬೆಳಕು ಬೀರದಿರುವುದು ಒಳ್ಳೆಯದು.

ನೀರಿನ ಲೆಕ್ಕವನ್ನು ಸಂಜೆಯಿಂದ ಆರಂಭಿಸಬೇಕು. ಕುಡಿಯಲು, ಅಡುಗೆಗೆ, ಮರುದಿನ ಬೆಳಗಿನ ಮೊದಲ ಗಂಟೆಗೆ ತಲಾ ಎರಡು ಲೀಟರಿನಂತೆ ಆರು ಜನರಿಗೆ 12 ಲೀಟರ್. ಇಷ್ಟನ್ನು ದಿನವಿಡೀ ಹೊರುವುದು ದಡ್ಡತನ. ಮಡಚುವ ಹತ್ತು ಲೀಟರಿನ ಚೀಲವನ್ನು ತಂಗುವ ಜಾಗಕ್ಕಿಂತ ಹಿಂದಿನ ಕೊನೆಯ ಹೋಟೆಲಿನಲ್ಲಿ ತುಂಬಿಸಿ, ಉಳಿದದ್ದನ್ನು ಬಾಟಲಿಗಳಲ್ಲಿ ಹಿಡಿದರಾಯಿತು. ಬಾವಿಯ ನೀರಾದರೆ ಕುದಿಸಿ ಇಲ್ಲವೆ ಕ್ಲೋರಿನ್ ಮಾತ್ರೆ ಹಾಕಿ ಕುಡಿಯುವುದು. ಊಟದಲ್ಲಿ ಹಟ ಬೇಡ: ಬೆಳಗ್ಗೆ ಮತ್ತು ಮಧ್ಯಾಹ್ನ ದಾರಿಯ ಹೋಟೆಲುಗಳಿವೆ, ಸ್ವಂತ ಅಡುಗೆ ರಾತ್ರಿಗೆ ಮಾತ್ರ. ತಲಾ 100 ಗ್ರಾಂ ಅಕ್ಕಿ, 40 ಗ್ರಾಂ ಹೆಸರುಬೇಳೆ, ಒಂದು ಚಮಚ ತುಪ್ಪದ ಖಾರದ ಹುಗ್ಗಿ ಒಂದೇ ಪಾತ್ರೆಯಲ್ಲಿ ಮುಗಿಯುತ್ತದೆ. ಬೆಂಕಿ ಕೂಡದ ರಾತ್ರಿಗೆ ಗೊಜ್ಜವಲಕ್ಕಿಯ ಪುಡಿ ಕಲಸಿದ ಅವಲಕ್ಕಿ, ತಣ್ಣೀರಿನಲ್ಲಿಯೇ ನೆನೆಯುತ್ತದೆ. ಇವೆರಡರ ಮುಂದೆ ದುಬಾರಿ ಒಣ ಆಹಾರದ ಪೊಟ್ಟಣಗಳು ರುಚಿಯಲ್ಲಿ ಗೆದ್ದದ್ದನ್ನು ನಾನು ಕಂಡಿಲ್ಲ.

ಸವಾರಿಯ ಕ್ರಮ ಮೂರೇ ಮಾತಿನದು. ಉಪಕರಣಗಳ ಚೀಲ ಕೊನೆಯ ಸವಾರನ ಬಳಿ ಇರಬೇಕು, ಏಕೆಂದರೆ ಕೆಟ್ಟು ನಿಂತವರನ್ನು ಎಲ್ಲರಿಗಿಂತ ಕೊನೆಗೆ ದಾಟುವವನು ಅವನೇ. ದಾರಿ ಕವಲೊಡೆಯುವಲ್ಲಿ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಣ್ಣಿಗೆ ಬೀಳುವವರೆಗೆ ನಿಲ್ಲಬೇಕು. ಈ ಕಾಡುದಾರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಜಾಗಗಳಿರುವುದರಿಂದ ಫೋನು ಇದೆಯಲ್ಲ ಎನ್ನುವ ಧೈರ್ಯ ಸಲ್ಲದು. ಆ ದಿನದ ದಾರಿ, ತಂಗುವ ಊರು, 108 ಮತ್ತು 112ರ ಜೊತೆಗೆ ಮನೆಯವರ ಸಂಖ್ಯೆಗಳು ಕಾಗದದ ಮೇಲೆ ಎಲ್ಲರ ಜೇಬಿನಲ್ಲಿರಬೇಕು.

ಮಂಗಳೂರು ಸೆಂಟ್ರಲ್ಲಿಗೆ ರೈಲಿನ ಹೊತ್ತಿಗಿಂತ ಎರಡು ಗಂಟೆ ಮುಂಚೆ ತಲುಪುವಂತೆ ಕಡೆಯ ದಿನವನ್ನು ಮೊಟಕಾಗಿಡಬೇಕು. ಪಾರ್ಸೆಲ್ ಕಚೇರಿಯಲ್ಲಿ ಟಿಕೆಟ್ ತೋರಿಸಿ ಸೈಕಲ್ಲುಗಳನ್ನು ಲಗೇಜಾಗಿ ನೋಂದಾಯಿಸುವ ಮೊದಲು ದೀಪ, ಪಂಪು, ಬಾಟಲಿ, ಚೀಲಗಳನ್ನು ಕಳಚಿ, ಹೊರಡುವ ಊರು, ಸೇರುವ ಊರು, ಹೆಸರು ಬರೆದ ರಟ್ಟನ್ನು ಹ್ಯಾಂಡಲ್ಲಿಗೊಂದು, ಸೀಟಿನ ಕೆಳಗೊಂದು ಕಟ್ಟಬೇಕು. ಗೇರಿನ ಬದಿಗೆ ಹಳೆಯ ರಟ್ಟನ್ನು ಸುತ್ತಿ ಬಿಗಿಯುವುದಕ್ಕೆ ನಾವು ಟೆಂಟಿನ ಹಗ್ಗವನ್ನೇ ಬಳಸಿದೆವು. ರಸೀದಿಗಳನ್ನೆಲ್ಲ ಒಬ್ಬರ ಕೈಗೇ ಕೊಡುವ ಮುನ್ನ, ಅವರು ಇಳಿಯುವುದು ನೀವಿಳಿಯುವ ನಿಲ್ದಾಣದಲ್ಲಿಯೇ ತಾನೇ ಎಂದು ಒಮ್ಮೆ ಕೇಳಿಕೊಳ್ಳಿ.